ಬ್ಲೇಡಿಗೆ ಹುಲ್ಲು ಸುತ್ತಿಕೊಂಡಾಗಲೆಲ್ಲ ಎಂಜಿನ್ ಆರಿಸಲೇಬೇಕೇ?

ಪ್ರಶ್ನೆ: ಕೈತೋಟದ ಮಣ್ಣು ಸಡಿಲಿಸಲು ಚಿಕ್ಕ ಪೆಟ್ರೋಲ್ ಕಲ್ಟಿವೇಟರ್ ಕೊಂಡಿದ್ದೇನೆ. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಬ್ಲೇಡುಗಳಿಗೆ ಹುಲ್ಲು, ಬಳ್ಳಿ ಸುತ್ತಿಕೊಳ್ಳುತ್ತವೆ. ಪ್ರತಿ ಸಲ ಎಂಜಿನ್ ಆರಿಸಿ, ಮತ್ತೆ ಹಗ್ಗ ಎಳೆದು ಚಾಲೂ ಮಾಡುವುದು ಬೇಸರದ ಕೆಲಸ. ಆಕ್ಸಿಲರೇಟರ್ ಬಿಟ್ಟರೆ ಬ್ಲೇಡು ನಿಲ್ಲುತ್ತದೆಯಲ್ಲ, ಆಗಲೇ ಕಿತ್ತು ಹಾಕಿದರೆ ಆಗದೇ?

ಉತ್ತರ: ಆಗದು. ಎಂಜಿನ್ ಆರಿಸಿದರೂ ಸಾಲದು. ಸ್ಪಾರ್ಕ್ ಪ್ಲಗ್‌ನ ತಲೆಗೆ ಸಿಕ್ಕಿಸಿರುವ ರಬ್ಬರ್ ಟೊಪ್ಪಿಯನ್ನು ಕಳಚಿ, ಪ್ಲಗ್‌ಗೆ ತಾಗದಂತೆ ದೂರ ಸರಿಸಿದ ಮೇಲೆಯೇ ಬ್ಲೇಡಿನ ಹತ್ತಿರ ಕೈ ಒಯ್ಯಬೇಕು. ಅತಿಯಾಯಿತು ಅನ್ನಿಸಬಹುದು, ಯಂತ್ರದ ಹೊಟ್ಟೆಯೊಳಗೆ ಏನಿದೆ ಎಂದು ತಿಳಿದರೆ ಹಾಗನ್ನಿಸದು.

ಚಿಕ್ಕ ಕಲ್ಟಿವೇಟರುಗಳಲ್ಲಿ ಹೆಚ್ಚಾಗಿ ಇರುವುದು ವೇಗವನ್ನು ನಂಬಿ ನಡೆಯುವ ಕ್ಲಚ್. ಎಂಜಿನ್ ಜೋರಾಗಿ ತಿರುಗಿದಾಗ ಅದರೊಳಗಿನ ಭಾರದ ತುಂಡುಗಳು ಹೊರಕ್ಕೆ ಚಾಚಿ ಸುತ್ತಲಿನ ಡ್ರಮ್ಮನ್ನು ಹಿಡಿಯುತ್ತವೆ, ಬ್ಲೇಡು ತಿರುಗುತ್ತದೆ. ವೇಗ ಇಳಿದರೆ ಸ್ಪ್ರಿಂಗುಗಳು ಅವನ್ನು ಒಳಕ್ಕೆ ಎಳೆದುಕೊಳ್ಳುತ್ತವೆ. ಸ್ಪ್ರಿಂಗ್ ಸೋತಿದ್ದರೆ ಅಥವಾ ಐಡಲ್ ವೇಗ, ಅಂದರೆ ಆಕ್ಸಿಲರೇಟರ್ ಮುಟ್ಟದಿದ್ದಾಗ ಎಂಜಿನ್ ತಿರುಗುವ ವೇಗ, ಹೆಚ್ಚಾಗಿದ್ದರೆ ಆಕ್ಸಿಲರೇಟರ್ ಬಿಟ್ಟರೂ ಕ್ಲಚ್ಚಿನ ಹಿಡಿತ ಪೂರ್ತಿ ತಪ್ಪುವುದಿಲ್ಲ. ಅಪಾಯ ಇರುವುದು ಇಲ್ಲಿಯೇ: ಬ್ಲೇಡು ನಿಂತಿರುವುದು ಕ್ಲಚ್ ಬಿಟ್ಟದ್ದರಿಂದಲೋ, ಹುಲ್ಲು ಬಿಗಿದು ಕಟ್ಟಿಹಾಕಿದ್ದರಿಂದಲೋ ಹೊರಗಿನಿಂದ ನೋಡಿದರೆ ತಿಳಿಯದು. ಎರಡನೆಯದಾಗಿದ್ದರೆ, ನೀವು ಕೊನೆಯ ಎಳೆಯನ್ನು ಕಿತ್ತ ಕ್ಷಣವೇ ಅದು ತಿರುಗುತ್ತದೆ, ನಿಮ್ಮ ಬೆರಳು ಅಲ್ಲೇ ಇರುವಾಗ.

ಟೊಪ್ಪಿ ಏಕೆ ಕಳಚಬೇಕು? ಈ ಎಂಜಿನ್ನುಗಳಿಗೆ ಕಿಡಿ ಹೊತ್ತಿಸಲು ಬ್ಯಾಟರಿ ಬೇಕಿಲ್ಲ. ಎಂಜಿನ್ ಜೊತೆ ತಿರುಗುವ ಫ್ಲೈವೀಲ್ ಎಂಬ ಚಕ್ರದ ಅಯಸ್ಕಾಂತ, ತಂತಿ ಸುತ್ತಿದ ಕಾಯಿಲ್ ಮುಂದೆ ಹಾದುಹೋದರೆ ಸಾಕು, ಕಿಡಿ ಹುಟ್ಟುತ್ತದೆ. ಸ್ಟಾಪ್ ಸ್ವಿಚ್ ಮಾಡುವುದಿಷ್ಟೇ: ಒಂದು ತೆಳು ತಂತಿಯ ಮೂಲಕ ಆ ವಿದ್ಯುತ್ತನ್ನು ಎಂಜಿನ್ನಿನ ಮೈಗೆ ಹರಿಸಿ ಕಿಡಿಯನ್ನು ತಡೆಯುವುದು. ಅದುರಿ ಅದುರಿ ಆ ತಂತಿ ತುಂಡಾದರೆ ಸ್ವಿಚ್ ‘ಆಫ್’ ತೋರಿಸುತ್ತಿರುತ್ತದೆ, ಕಿಡಿ ಮಾತ್ರ ಬರುತ್ತಲೇ ಇರುತ್ತದೆ. ಇಂಥ ಸ್ವಿಚ್ಚಿನ ಮೇಲೆ ಬೆರಳುಗಳನ್ನು ಪಣಕ್ಕಿಡಲು ನಾನಂತೂ ತಯಾರಿಲ್ಲ. ಟೊಪ್ಪಿ ಕಳಚುವಾಗ ತಂತಿ ಹಿಡಿದು ಜಗ್ಗಬೇಡಿ, ಟೊಪ್ಪಿಯನ್ನೇ ಹಿಡಿದು ತುಸು ತಿರುಚಿ ಎಳೆಯಿರಿ. ಪಕ್ಕದ ಸೈಲೆನ್ಸರ್ ಕಾದಿರುತ್ತದೆ, ಮೊಣಕೈ ಜೋಪಾನ.

ಇನ್ನು ಬಿಡಿಸುವ ಕೆಲಸ. ಹಿಡಿಕೆಯನ್ನು ನೆಲಕ್ಕೆ ಬಾಗಿಸಿದರೆ ಬ್ಲೇಡು ಮೇಲೆದ್ದು ಕಾಣುತ್ತದೆ. ಯಂತ್ರವನ್ನು ಅಡ್ಡ ಮಲಗಿಸಬೇಡಿ. ಪೆಟ್ರೋಲ್ ಸೋರಬಹುದು, ಫೋರ್ ಸ್ಟ್ರೋಕ್ ಎಂಜಿನ್ನಾದರೆ ಆಯಿಲ್ ಏರ್ ಫಿಲ್ಟರಿಗೆ ನುಗ್ಗಬಹುದು. ದಪ್ಪ ಕೈಗವಸು ಹಾಕಿಕೊಂಡು, ಸುತ್ತಿದ್ದನ್ನು ಬೆರಳಿನಿಂದ ಜಗ್ಗುವ ಬದಲು ಚಾಕುವಿನಿಂದ ಅಡ್ಡಕ್ಕೆ ಕೊಯ್ಯಿರಿ. ತಂತಿಯೋ ಪ್ಲಾಸ್ಟಿಕ್ ಹುರಿಯೋ ಸಿಕ್ಕಿದ್ದರೆ ಕತ್ತರಿಸಿದೊಡನೆ ಚಿಮ್ಮುತ್ತದೆ, ಕಣ್ಣಿಗೆ ಕನ್ನಡಕ ಇರಲಿ. ಪಿನ್ ತೆಗೆದು ಬ್ಲೇಡನ್ನೇ ಹೊರಗೆಳೆಯಲು ಬರುವಂತಿದ್ದರೆ, ಆಗೊಮ್ಮೆ ಈಗೊಮ್ಮೆ ಎಳೆದು ಗೇರ್‌ಬಾಕ್ಸಿನ ಬುಡವನ್ನು ನೋಡಿ. ಅಲ್ಲಿ ಬಿಗಿದ ನಾರು, ಎಣ್ಣೆ ಸೋರದಂತೆ ತಡೆಯುವ ಆಯಿಲ್ ಸೀಲನ್ನು ಮೆಲ್ಲಗೆ ಕೊಯ್ದುಬಿಡುತ್ತದೆ. ಬುಡದಲ್ಲಿ ಎಣ್ಣೆ ಜಿನುಗಿ ಮಣ್ಣು ಅಂಟಿದ್ದರೆ ಸೀಲ್ ಹೋಗಿದೆ ಎಂದೇ ತಿಳಿಯಿರಿ.

ಹಗ್ಗ ಎಳೆಯುವ ಬೇಸರಕ್ಕೂ ಮದ್ದಿದೆ, ಆದರೆ ಅದು ಯಂತ್ರದಲ್ಲಿಲ್ಲ. ಮೊದಲು ಹುಲ್ಲನ್ನು ನೆಲಮಟ್ಟಕ್ಕೆ ಕತ್ತರಿಸಿ, ಬಾಚಿ ಹೊರಗೆ ಹಾಕಿ. ಉದ್ದ ಎಳೆಗಳೇ ಇಲ್ಲದಿದ್ದರೆ ಸುತ್ತಿಕೊಳ್ಳುವುದೇನು? ಆಗಲೇ ಕಲ್ಲು, ತಂತಿ, ನೀರಿನ ಪೈಪು ಎಲ್ಲಿವೆ ಎಂಬುದೂ ಕಣ್ಣಿಗೆ ಬೀಳುತ್ತದೆ. ಹಿಡಿ ಮಣ್ಣನ್ನು ಮುಷ್ಟಿಯಲ್ಲಿ ಒತ್ತಿ, ಬೆರಳಿನಿಂದ ತಟ್ಟಿದಾಗ ಉದುರಿದರೆ ಹದ ಸರಿ. ಮುದ್ದೆಯಾಗಿಯೇ ಉಳಿದರೆ ಒಂದೆರಡು ದಿನ ಕಾಯಿರಿ. ಮೊದಲ ಸುತ್ತು ಮೇಲುಮೇಲಕ್ಕೆ, ಆಳವೆಲ್ಲ ಎರಡನೆಯ ಸುತ್ತಿಗೆ. ಗಟ್ಟಿ ನೆಲಕ್ಕೆ ಒಮ್ಮೆಲೇ ಇಳಿಸಿದರೆ ಯಂತ್ರ ನೆಗೆದು ಮುಂದಕ್ಕೋಡುತ್ತದೆ. ಹಾಗಾದಾಗ ಹಿಡಿದು ಸೆಣಸಬೇಡಿ, ಆಕ್ಸಿಲರೇಟರ್ ಲಿವರ್ ಬಿಟ್ಟುಬಿಡಿ. ಕೆಲವು ಹಗುರ ಯಂತ್ರಗಳನ್ನು ಹಿಂದಕ್ಕೆ ಎಳೆಯುತ್ತಲೇ ಬಳಸುವುದುಂಟು. ಎಡವಿ ಬಿದ್ದರೆ ಬ್ಲೇಡು ಪಾದದ ಮೇಲೆಯೇ ಬರುತ್ತದೆ, ಆದ್ದರಿಂದ ಹಿಂದಿನ ದಾರಿಯನ್ನು ಮೊದಲೇ ನೋಡಿಕೊಂಡು, ಗಟ್ಟಿ ಬೂಟು ಹಾಕಿಕೊಂಡು ಹೆಜ್ಜೆ ಇಡಿ.

ಪೆಟ್ರೋಲ್ ತುಂಬುವುದು ಎಂಜಿನ್ ಆರಿ, ತಣ್ಣಗಾದ ಮೇಲೆ, ಬಯಲಿನಲ್ಲಿ. ಅದರ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ದೂರದ ಕಿಡಿಯನ್ನೂ ಮುಟ್ಟಬಲ್ಲದು. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಲೇಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೇ ಇಲ್ಲ.

ಹುಲ್ಲು ಬಿಡಿಸಿ ಆದ ಮೇಲೆ ಪಿನ್ನುಗಳೆಲ್ಲ ಕೂತಿವೆಯೇ ನೋಡಿ, ಆನಂತರ ಟೊಪ್ಪಿ ಸಿಕ್ಕಿಸಿ. ಚಾಲೂ ಮಾಡಿ, ಆಕ್ಸಿಲರೇಟರ್ ಮುಟ್ಟದೆ, ದೂರದಿಂದಲೇ ಬ್ಲೇಡಿನತ್ತ ಒಮ್ಮೆ ಕಣ್ಣು ಹಾಯಿಸಿ. ಅದು ತಾನಾಗಿ ತಿರುಗುತ್ತಿದ್ದರೆ ಅಂದಿನ ಕೆಲಸ ಅಲ್ಲಿಗೇ ನಿಲ್ಲಲಿ. ಐಡಲ್ ಸ್ಕ್ರೂ ಸರಿಪಡಿಸಿಯೋ, ಮೆಕ್ಯಾನಿಕ್ ಕೈಯಲ್ಲಿ ಕ್ಲಚ್ ಬಿಚ್ಚಿಸಿಯೋ ಮುಂದುವರಿಯಿರಿ.