ಡಿಜಿಟಲ್ ಆಡಿಯೊ ಕೇಬಲ್‌ಗೆ ಚಿನ್ನದ ಲೇಪನದ ಕನೆಕ್ಟರ್ ಬೇಕೇ?

ಪ್ರಶ್ನೆ: ಟಿವಿಯಿಂದ ಆಂಪ್ಲಿಫೈಯರ್‌ಗೆ ಡಿಜಿಟಲ್ ಕೇಬಲ್ ಎಳೆಯಬೇಕಾಗಿದೆ. ಚಿನ್ನದ ಲೇಪನವಿರುವ ಕನೆಕ್ಟರ್ ಹಾಕಿದರೆ ಧ್ವನಿ ಇನ್ನೂ ಚೆನ್ನಾಗಿ ಬರುತ್ತದೆ ಎನ್ನುತ್ತಾರೆ. ಯಾವುದನ್ನು ಆರಿಸಲಿ? (ಓದುಗರೊಬ್ಬರು, ಮೂಡಿಗೆರೆ)

ಉತ್ತರ: ಹಾಸನ, ಸಕಲೇಶಪುರ, ಚಿಕ್ಕಮಗಳೂರು ಕಡೆಯಿಂದ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಲೇ ಇರುವುದರಿಂದ ಈ ಸಲ ವಿವರವಾಗಿ ಬರೆಯುತ್ತಿದ್ದೇನೆ. ಕನೆಕ್ಟರಿನ ಬಗೆಯನ್ನು ನಿಮ್ಮ ಉಪಕರಣದ ಹಿಂಬದಿಯ ಸಾಕೆಟ್ ಮೊದಲೇ ನಿರ್ಧರಿಸಿಬಿಟ್ಟಿರುತ್ತದೆ. ಮನೆಬಳಕೆಯ ಸಾಧನಗಳಲ್ಲಿ ಆರ್‌ಸಿಎ (ನಡುವೆ ಒಂದೇ ಪಿನ್ ಇರುವ ದುಂಡು ಕನೆಕ್ಟರ್) ಅಥವಾ ಆಪ್ಟಿಕಲ್ (ಸಂಕೇತವನ್ನು ಬೆಳಕಾಗಿ ಕಳುಹಿಸುವಂಥದ್ದು) ಇರುತ್ತದೆ. ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಸ್ಟುಡಿಯೊ ಸಾಧನಗಳದ್ದು, ಅದಕ್ಕೆ 110 ಓಮ್ ಕೇಬಲ್ ಬೇಕು (ಓಮ್ ಎಂದರೆ ಇಲ್ಲಿ ಸಂಕೇತಕ್ಕೆ ಕೇಬಲ್ ಒಡ್ಡುವ ವಿದ್ಯುತ್ ತಡೆಯ ಅಳತೆ). ಆರ್‌ಸಿಎ ಆದರೆ ನೀವು ಗಮನಿಸಬೇಕಾದದ್ದು ಕೇಬಲ್ 75 ಓಮ್‌ನದೇ ಎಂಬುದನ್ನು ಮಾತ್ರ. ಡಿಶ್ ಹಾಕಿಸಿದಾಗ ಉಳಿದ ಆರ್‌ಜಿ 6 ಕೇಬಲ್ 75 ಓಮ್‌ನದೇ ಆದ್ದರಿಂದ ಅದು ಧಾರಾಳವಾಗಿ ಸಾಕು. ನೋಡಲು ಅದರಂತೆಯೇ ಇರುವ ಆರ್‌ಜಿ 58 ಮಾತ್ರ 50 ಓಮ್‌ನದು, ಅದು ಬೇಡ.

ಇನ್ನು ಚಿನ್ನದ ವಿಚಾರ. ಅನಲಾಗ್ ಕೇಬಲ್‌ನಲ್ಲಿ ಧ್ವನಿಯ ಏರಿಳಿತವೇ ವೋಲ್ಟೇಜಿನ ಏರಿಳಿತವಾಗಿ ಹರಿಯುವುದರಿಂದ ಸಂಪರ್ಕ ಕೆಟ್ಟರೆ ಧ್ವನಿಯೂ ಕೆಡುತ್ತದೆ. ಡಿಜಿಟಲ್ ಕೇಬಲ್‌ನಲ್ಲಿ ಹರಿಯುವುದು ಅಂಕಿಗಳು. ಸಿಡಿಯ ಸಂಗೀತಕ್ಕೆ ಪ್ರತಿ ಚಾನೆಲ್‌ನಲ್ಲಿ ಸೆಕೆಂಡಿಗೆ 44,100 ಮಾದರಿಗಳಿದ್ದು, ಜೊತೆಯ ಗುರುತುಗಳೂ ಸೇರಿ ಸೆಕೆಂಡಿಗೆ ಸುಮಾರು 28 ಲಕ್ಷ ಬಿಟ್‌ಗಳು ಅರ್ಧ ವೋಲ್ಟಿನಷ್ಟು ಸಣ್ಣ ಸಂಕೇತದಲ್ಲಿ ಸಾಗುತ್ತವೆ. ಸಂಕೇತ ಪಡೆಯುವ ತುದಿಯ ಸಾಧನ ನೋಡುವುದು ವೋಲ್ಟೇಜ್ ಯಾವಾಗ ಬದಲಾಯಿತು ಎಂಬುದನ್ನಷ್ಟೇ. ಆ ಬದಲಾವಣೆ ಸ್ಪಷ್ಟವಾಗಿ ತಿಳಿದರೆ ಅಂಕಿ ಸರಿಯಾಗಿ ಬಂತು. ತಿಳಿಯದಿದ್ದರೆ ಚಟಪಟ ಸದ್ದು ಬರುತ್ತದೆ, ಇಲ್ಲವೇ ಧ್ವನಿ ನಿಂತೇ ಹೋಗುತ್ತದೆ. ತಂತಿಯಲ್ಲಿ ಬೇಸ್ ಎಂಬುದೂ ಟ್ರೆಬಲ್ ಎಂಬುದೂ ಬೇರೆಬೇರೆಯಾಗಿ ಇಲ್ಲದಿರುವಾಗ, ಪಿನ್ನಿನ ಲೇಪನದಿಂದ ಬೇಸ್ ಹೆಚ್ಚುವುದಾದರೂ ಹೇಗೆ? ಸಾಮಾನ್ಯ ಕೇಬಲ್, ಚಿನ್ನದ ಲೇಪನದ ಕೇಬಲ್ ಎರಡರ ಮೂಲಕವೂ ಒಂದೇ ಹಾಡನ್ನು ಕಂಪ್ಯೂಟರ್‌ಗೆ ಡಿಜಿಟಲ್ ಆಗಿಯೇ ರೆಕಾರ್ಡ್ ಮಾಡಿ, ಒಂದರಿಂದ ಇನ್ನೊಂದನ್ನು ನಾನು ಕಳೆದು ನೋಡಿದ್ದೇನೆ. ಉಳಿದದ್ದು ಸೊನ್ನೆ.

ಚಿನ್ನ ವಿದ್ಯುತ್ತನ್ನು ತಾಮ್ರಕ್ಕಿಂತ ಚೆನ್ನಾಗಿ ಹರಿಸುತ್ತದೆ ಎಂಬ ನಂಬಿಕೆಯೂ ತಪ್ಪು. ಈ ವಿಷಯದಲ್ಲಿ ಅದು ತಾಮ್ರಕ್ಕಿಂತ ಹಿಂದಿದೆ. ಅದರ ನಿಜವಾದ ಗುಣ ಕಿಲುಬು ಹಿಡಿಯದಿರುವುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ಮಲೆನಾಡಿನಲ್ಲಿ ಇದು ಸಣ್ಣ ಮಾತಲ್ಲ, ಆ ಕಾರಣಕ್ಕೆ ಕೊಳ್ಳುವುದಾದರೆ ಕೊಳ್ಳಿ. ಆದರೆ ಸಾಕೆಟ್ಟಿನದು ತವರದ ಲೇಪನವಾಗಿದ್ದರೆ ಅದಕ್ಕೆ ಚಿನ್ನದ ಪಿನ್ ಸೇರಿಸಬೇಡಿ. ಎರಡು ಲೋಹಗಳು ತೇವದಲ್ಲಿ ಕೂಡಿದಾಗ ತವರ ಬೇಗ ಹಾಳಾಗುತ್ತದೆ.

ನೀವು ಕೇಳದಿದ್ದರೂ ಇನ್ನೊಂದು ವಿಷಯವನ್ನು ಇಲ್ಲಿಯೇ ಹೇಳಬೇಕು. ಧ್ವನಿ ಬರುತ್ತಿಲ್ಲವೆಂದು ಕೇಬಲ್‌ನ ಮೇಲೆ ಕೇಬಲ್ ಬದಲಾಯಿಸಿದವರ ಮನೆಗಳಲ್ಲಿ ಹಲವು ಬಾರಿ ನಾನು ಕಂಡ ದೋಷ ಕನೆಕ್ಟರಿನದಾಗಿರಲಿಲ್ಲ. ಟಿವಿ ಡಾಲ್ಬಿ ಎಂಬ, ಅಡಕಗೊಳಿಸಿದ ಧ್ವನಿ ಸಂಕೇತವನ್ನು ಕಳುಹಿಸುತ್ತಿತ್ತು, ಎರಡೇ ಚಾನೆಲ್‌ನ ಹಳೆಯ ಆಂಪ್ಲಿಫೈಯರ್‌ಗೆ ಅದನ್ನು ಬಿಡಿಸಿಕೊಳ್ಳಲು ಬರುತ್ತಿರಲಿಲ್ಲ. ಆದ್ದರಿಂದ ಅಂಗಡಿಗೆ ಹೊರಡುವ ಮುನ್ನ ಟಿವಿಯ ಸೌಂಡ್ ಸೆಟ್ಟಿಂಗ್‌ಗೆ ಹೋಗಿ, ಡಿಜಿಟಲ್ ಔಟ್‌ಪುಟ್ ಎಂಬಲ್ಲಿ ಪಿಸಿಎಂ (ಅಡಕಗೊಳಿಸದ ಸಾದಾ ಡಿಜಿಟಲ್ ಧ್ವನಿ) ಆರಿಸಿ, ಈಗಿರುವ ಕೇಬಲ್‌ನಲ್ಲಿಯೇ ಒಮ್ಮೆ ಕೇಳಿ ನೋಡಿ.