ಹಳೆಯ ಹಾರ್ಡ್ ಡಿಸ್ಕ್ ಬಿಚ್ಚಿದರೆ ಕಂಪ್ಯೂಟರ್ ಏಳುವುದೇ ಇಲ್ಲ, ಏಕೆ?

ಓದುಗರ ಪ್ರಶ್ನೆ: ನಿಧಾನವಾಗಿದ್ದ ಡೆಸ್ಕ್‌ಟಾಪ್‌ಗೆ 500 ಜಿಬಿಯ ಎಸ್‌ಎಸ್‌ಡಿ (ವೇಗದ ಹೊಸ ಬಗೆಯ ಡಿಸ್ಕ್) ಜೋಡಿಸಿ, ಅದರಲ್ಲಿ ಹೊಸದಾಗಿ ವಿಂಡೋಸ್ ಹಾಕಿಕೊಂಡೆ. ಹಳೆಯ 1 ಟಿಬಿ ಹಾರ್ಡ್ ಡಿಸ್ಕ್ ಒಳಗೇ ಇದ್ದಷ್ಟು ದಿನ ಎಲ್ಲವೂ ಚೆನ್ನಾಗಿತ್ತು. ಅದು ಕರಕರ ಸದ್ದು ಮಾಡತೊಡಗಿತೆಂದು ಬಿಚ್ಚಿದೆ. ಈಗ ಕಪ್ಪು ಪರದೆಯ ಮೇಲೆ ‘ರೀಬೂಟ್ ಅಂಡ್ ಸೆಲೆಕ್ಟ್ ಪ್ರಾಪರ್ ಬೂಟ್ ಡಿವೈಸ್’ ಎಂದು ಬರುತ್ತದೆ. ಮತ್ತೆ ಜೋಡಿಸಿದರೆ ಏಳುತ್ತದೆ. ವಿಂಡೋಸ್ ಇರುವುದು ಎಸ್‌ಎಸ್‌ಡಿಯಲ್ಲಿ ತಾನೇ?

ಉತ್ತರ: ಹೌದು, ವಿಂಡೋಸ್ ಎಸ್‌ಎಸ್‌ಡಿಯಲ್ಲೇ ಇದೆ. ಆದರೆ ಅದನ್ನು ಎಬ್ಬಿಸುವ ಫೈಲುಗಳು ಇನ್ನೂ ಹಳೆಯ ಡಿಸ್ಕಿನಲ್ಲಿವೆ. ಮನೆ ಬದಲಾಯಿಸಿದ್ದೀರಿ, ಬೀಗದ ಕೈ ಮಾತ್ರ ಹಳೆಯ ಮನೆಯ ಮೊಳೆಯಲ್ಲೇ ನೇತಾಡುತ್ತಿದೆ. ಯಾವುದೂ ಕೆಟ್ಟಿಲ್ಲ, ಏನನ್ನೂ ಫಾರ್ಮ್ಯಾಟ್ ಮಾಡಬೇಕಿಲ್ಲ. ಈ ಮಾತನ್ನು ಮೊದಲೇ ಹೇಳುತ್ತಿರುವುದಕ್ಕೆ ಕಾರಣವಿದೆ. ಇಂಥ ತೊಂದರೆಗೆ ರಿಪೇರಿ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವ ಸಲಹೆ ‘ಇನ್ನೊಮ್ಮೆ ವಿಂಡೋಸ್ ಹಾಕಿಬಿಡೋಣ’ ಎಂಬುದು. ಅವರಿಗದು ಮುಕ್ಕಾಲು ಗಂಟೆಯ ಕೆಲಸ. ನಿಮಗೆ ನುಡಿ, ಟ್ಯಾಲಿ, ಪ್ರಿಂಟರ್ ಡ್ರೈವರ್, ಪಾಸ್‌ವರ್ಡ್‌ಗಳು ಎಂದು ಒಂದು ವಾರದ ಕೆಲಸ.

ಮೊದಲು ಆ ಕರಕರ ಸದ್ದಿನ ವಿಷಯ. ಸದ್ದು ಮಾಡುವ ಹಾರ್ಡ್ ಡಿಸ್ಕ್ ಯಾವ ದಿನ ಬೇಕಾದರೂ ಕೈಕೊಡಬಹುದು. ಅದರಲ್ಲಿ ಫೋಟೊ, ದಾಖಲೆ ಉಳಿದಿದ್ದರೆ ಇಂದೇ ಬೇರೆಡೆಗೆ ನಕಲು ಮಾಡಿಕೊಳ್ಳಿ. ಉಳಿದದ್ದು ಆಮೇಲೆ.

ಪವರ್ ಗುಂಡಿ ಒತ್ತಿದಾಗ ಮದರ್‌ಬೋರ್ಡ್ ನೇರವಾಗಿ ವಿಂಡೋಸನ್ನು ಹುಡುಕಿಕೊಂಡು ಹೋಗುವುದಿಲ್ಲ. ವಿಂಡೋಸ್ ಎಂದರೇನೆಂದೇ ಅದಕ್ಕೆ ಗೊತ್ತಿಲ್ಲ. ಅದರ ಚಿಪ್ಪಿನಲ್ಲಿ ಒಂದು ಪುಟ್ಟ ಪಟ್ಟಿ ಇರುತ್ತದೆ: ಇಂಥ ಡಿಸ್ಕಿನ ಇಂಥ ಪಾರ್ಟಿಷನ್‌ನಲ್ಲಿರುವ (ಅಂದರೆ ಡಿಸ್ಕಿನ ಒಂದು ಭಾಗದಲ್ಲಿರುವ) ಇಂಥ ಫೈಲನ್ನು ಓಡಿಸು ಎಂದು. ಬಯೋಸ್ (ಮದರ್‌ಬೋರ್ಡಿನೊಳಗಿನ ಮೂಲ ತಂತ್ರಾಂಶ) ಪರದೆಯ ಬೂಟ್ ಪಟ್ಟಿಯಲ್ಲಿ ‘ವಿಂಡೋಸ್ ಬೂಟ್ ಮ್ಯಾನೇಜರ್’ ಎಂದು ಕಾಣುವುದು ಇದೇ ವಿಳಾಸ. ಆ ಪಾರ್ಟಿಷನ್‌ಗೆ ಇಎಫ್‌ಐ ಸಿಸ್ಟಂ ಪಾರ್ಟಿಷನ್ ಎಂದು ಹೆಸರು. ಸಾಮಾನ್ಯವಾಗಿ 100 ಎಂಬಿಯಷ್ಟು ಚಿಕ್ಕದು, ಫ್ಯಾಟ್32 ಮಾದರಿಯದು, ಡ್ರೈವ್ ಅಕ್ಷರ ಇಲ್ಲದ್ದರಿಂದ ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಕಾಣಿಸುವುದೇ ಇಲ್ಲ. ಅದರೊಳಗಿನ ಬೂಟ್ ಮ್ಯಾನೇಜರ್ ಎದ್ದು, ತನ್ನ ಬಳಿಯ ಬಿಸಿಡಿ ಎಂಬ ಕಡತವನ್ನು ತೆರೆದು, ‘ವಿಂಡೋಸ್ ಫೋಲ್ಡರ್ ಇರುವುದು ಆ ಎಸ್‌ಎಸ್‌ಡಿಯಲ್ಲಿ’ ಎಂದು ಓದಿಕೊಂಡು ಅಲ್ಲಿಗೆ ಹೋಗುತ್ತದೆ. ಮೊದಲ ಮೆಟ್ಟಿಲನ್ನೇ ಕಿತ್ತಿಟ್ಟರೆ ಮೂರನೆಯ ಮೆಟ್ಟಿಲು ಎಷ್ಟು ಗಟ್ಟಿಯಾಗಿದ್ದರೇನು?

ಇದು ನಿಮ್ಮ ತಪ್ಪೂ ಅಲ್ಲ. ವಿಂಡೋಸ್ ಇನ್‌ಸ್ಟಾಲ್ ಮಾಡುವಾಗ ಕಂಪ್ಯೂಟರಿನಲ್ಲಿ ಆಗಲೇ ಒಂದು ಇಎಫ್‌ಐ ಪಾರ್ಟಿಷನ್ ಕಂಡರೆ, ಸೆಟಪ್ ಎಷ್ಟೋ ಸಲ ‘ಇದ್ದದ್ದೇ ಸಾಕು’ ಎಂದು ಬೂಟ್ ಫೈಲುಗಳನ್ನು ಅಲ್ಲಿಗೇ ಬರೆದುಬಿಡುತ್ತದೆ, ನಿಮ್ಮನ್ನು ಒಂದು ಮಾತೂ ಕೇಳದೆ. ಹೊಸ ಡಿಸ್ಕಿಗೆ ವಿಂಡೋಸ್ ಹಾಕುವಾಗ ಹಳೆಯದರ ಕೇಬಲ್ ಕಿತ್ತಿಡಿ ಎಂದು ಅನುಭವಿಗಳು ಹೇಳುವುದು ಇದಕ್ಕೇ.

ಖಾತ್ರಿ ಮಾಡಿಕೊಳ್ಳಲು ಹಳೆಯ ಡಿಸ್ಕನ್ನು ಮತ್ತೆ ಜೋಡಿಸಿ, ವಿಂಡೋಸ್ ಒಳಗೆ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಸ್ಟಾರ್ಟ್ ಗುಂಡಿಯ ಮೇಲೆ ಬಲ ಕ್ಲಿಕ್ ಮಾಡಿದರೆ ಸಿಗುತ್ತದೆ. ಕೆಳಗಿನ ಅರ್ಧದಲ್ಲಿ ಡಿಸ್ಕುಗಳು ಸಾಲಾಗಿ ಕಾಣುತ್ತವೆ. ‘ಇಎಫ್‌ಐ ಸಿಸ್ಟಂ ಪಾರ್ಟಿಷನ್’ ಎಂಬ ಡಬ್ಬ 931 ಜಿಬಿ ಸಾಲಿನಲ್ಲಿ ಮಾತ್ರ ಇದ್ದು 465 ಜಿಬಿ ಸಾಲಿನಲ್ಲಿ ಇಲ್ಲದಿದ್ದರೆ ರೋಗ ಸಿಕ್ಕಿತು. (1 ಟಿಬಿ ಎಂದು ಮಾರಿದ್ದನ್ನು ವಿಂಡೋಸ್ 931 ಎಂದೂ 500 ಅನ್ನು 465 ಎಂದೂ ತೋರಿಸುತ್ತದೆ. ಕಂಪನಿಯವರು ಎಣಿಸುವುದು ಸಾವಿರದ ಲೆಕ್ಕದಲ್ಲಿ, ವಿಂಡೋಸ್ ಎಣಿಸುವುದು 1024ರ ಲೆಕ್ಕದಲ್ಲಿ. ಯಾರೂ ಕದ್ದಿಲ್ಲ.)

ಮದ್ದು ಇಷ್ಟೇ: ಎಸ್‌ಎಸ್‌ಡಿಯಲ್ಲೂ ಒಂದು ಪುಟ್ಟ ಇಎಫ್‌ಐ ಪಾರ್ಟಿಷನ್ ಮಾಡಿ ಬೂಟ್ ಫೈಲುಗಳನ್ನು ಅಲ್ಲಿಗೆ ಬರೆಯುವುದು. ಕಳೆದ ವರ್ಷ ದಾವಣಗೆರೆಯಲ್ಲಿರುವ ಅಕ್ಕನ ಮಗನಿಗೆ ಇದನ್ನೇ ಫೋನಿನಲ್ಲಿ ಹೇಳಿ ಮಾಡಿಸಿದ್ದೆ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಸಿ ಡ್ರೈವ್ ಮೇಲೆ ಬಲ ಕ್ಲಿಕ್ ಮಾಡಿ, ಶ್ರಿಂಕ್ ಆರಿಸಿ, 300 ಎಂಬಿ ಬಿಡಿಸಿಕೊಂಡ. ಆಮೇಲೆ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ‘ಡಿಸ್ಕ್‌ಪಾರ್ಟ್’, ಅದರೊಳಗೆ ‘ಲಿಸ್ಟ್ ಡಿಸ್ಕ್’.

“ಮಾಮ, ಡಿಸ್ಕ್ 0, ಡಿಸ್ಕ್ 1 ಅಂತ ಎರಡಿವೆ. ಯಾವುದು ನನ್ನದು?”

“ನಂಬರ್ ನೋಡಬೇಡ, ಸೈಜ್ ನೋಡು. 465 ಇರುವುದು ಯಾವುದು?”

“1.”

“ಅದರ ಸಾಲಿನ ಕೊನೆಯಲ್ಲಿ, ಜಿಪಿಟಿ ಎಂಬ ಕಾಲಂ ಕೆಳಗೆ ನಕ್ಷತ್ರ ಚಿಹ್ನೆ ಇದೆಯೇ?”

“ಇದೆ.”

ಆ ಎರಡು ಪ್ರಶ್ನೆಗಳನ್ನು ಹಾರಿಸಬಾರದು. ನಕ್ಷತ್ರ ಇದ್ದರೆ ಡಿಸ್ಕ್ ಜಿಪಿಟಿ ಎಂಬ ಹೊಸ ಪಾರ್ಟಿಷನ್ ಪದ್ಧತಿಯದು ಎಂದರ್ಥ. ಡಿಸ್ಕ್ 0 ಎಂದರೆ ವಿಂಡೋಸ್ ಇರುವ ಡಿಸ್ಕೇ ಎಂದು ಎಲ್ಲೂ ಬರೆದಿಲ್ಲ. ಹಿಂದೊಮ್ಮೆ ನಾನೇ ಆ ಭ್ರಮೆಯಲ್ಲಿ ತಪ್ಪು ಡಿಸ್ಕ್ ಆರಿಸಿ ‘ಕ್ಲೀನ್’ ಎಂದು ಒತ್ತಿದ್ದೆ. ಡಿಸ್ಕ್‌ಪಾರ್ಟ್ ‘ಖಂಡಿತವೇ?’ ಎಂದು ಕೇಳುವ ಪೈಕಿಯದಲ್ಲ. ಒಂದು ಕ್ಷಣದಲ್ಲಿ ಎಲ್ಲ ಪಾರ್ಟಿಷನ್‌ಗಳೂ ಮಾಯ. ನೀವು ಮಾಡಬೇಕಾದ ಕೆಲಸದಲ್ಲಿ ‘ಕ್ಲೀನ್’ ಎಂಬ ಪದಕ್ಕೆ ಜಾಗವೇ ಇಲ್ಲ, ನೆನಪಿರಲಿ.

ಮುಂದೆ ‘ಸೆಲೆಕ್ಟ್ ಡಿಸ್ಕ್ 1’ (1ರ ಜಾಗದಲ್ಲಿ ನಿಮ್ಮ ಎಸ್‌ಎಸ್‌ಡಿಯ ನಂಬರ್), ‘ಕ್ರಿಯೇಟ್ ಪಾರ್ಟಿಷನ್ ಇಎಫ್‌ಐ’, ‘ಫಾರ್ಮ್ಯಾಟ್ ಕ್ವಿಕ್ ಎಫ್‌ಎಸ್=ಫ್ಯಾಟ್32’, ‘ಅಸೈನ್ ಲೆಟರ್=ಎಸ್’, ‘ಎಕ್ಸಿಟ್’. ಎಲ್ಲವನ್ನೂ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಬೇಕು, ಪ್ರತಿ ಸಾಲಿನ ಕೊನೆಗೆ ಎಂಟರ್. ಇಲ್ಲಿನ ಫಾರ್ಮ್ಯಾಟ್ ಈಗಷ್ಟೇ ಹುಟ್ಟಿದ ಆ 300 ಎಂಬಿಗೆ ಮಾತ್ರ, ಗಾಬರಿ ಬೇಡ. ಕೊನೆಯ ಕಮಾಂಡನ್ನು ಹುಡುಗನಿಗೆ ಹೀಗೆ ಬರೆಸಿದೆ: ಬಿಸಿಡಿಬೂಟ್ ಒಂದೇ ಪದ, ಸ್ಪೇಸ್, ಸಿ, ಕೋಲನ್, ಬ್ಯಾಕ್‌ಸ್ಲ್ಯಾಶ್, ವಿಂಡೋಸ್, ಸ್ಪೇಸ್, ಸ್ಲ್ಯಾಶ್ ಎಸ್, ಸ್ಪೇಸ್, ಎಸ್, ಕೋಲನ್, ಸ್ಪೇಸ್, ಸ್ಲ್ಯಾಶ್ ಎಫ್, ಸ್ಪೇಸ್, ಯುಇಎಫ್‌ಐ. ಅಂದರೆ ‘ಸಿಯಲ್ಲಿರುವ ವಿಂಡೋಸ್‌ಗೆ ಬೇಕಾದ ಬೂಟ್ ಫೈಲುಗಳನ್ನು ಎಸ್ ಪಾರ್ಟಿಷನ್‌ಗೆ ಬರೆ’. ‘ಬೂಟ್ ಫೈಲ್ಸ್ ಸಕ್ಸೆಸ್‌ಫುಲಿ ಕ್ರಿಯೇಟೆಡ್’ ಎಂದು ಉತ್ತರ ಬಂದರೆ ಕಂಪ್ಯೂಟರ್ ಆಫ್ ಮಾಡಿ, ಗೋಡೆಯ ಪ್ಲಗ್ ಕಿತ್ತು, ಹಳೆಯ ಡಿಸ್ಕ್ ತೆಗೆಯಿರಿ. ಆನ್ ಮಾಡಿದಾಗ ಬಯೋಸ್‌ನ ಬೂಟ್ ಪಟ್ಟಿಯಲ್ಲಿ ಎಸ್‌ಎಸ್‌ಡಿಯನ್ನು ಒಮ್ಮೆ ಆರಿಸಿಕೊಡಬೇಕಾಗಬಹುದು.

ಹಳೆಯ ಡಿಸ್ಕ್ ಅಷ್ಟರೊಳಗೇ ಸತ್ತಿದ್ದರೂ ದಾರಿ ಇದೆ. ಬೇರೊಂದು ಕಂಪ್ಯೂಟರಿನಲ್ಲಿ 8 ಜಿಬಿಯ ಪೆನ್‌ಡ್ರೈವ್‌ಗೆ ವಿಂಡೋಸ್ ಇನ್‌ಸ್ಟಾಲರ್ ಮಾಡಿಕೊಂಡು ಅದರಿಂದ ಬೂಟ್ ಮಾಡಿ. ಮೊದಲ ಪರದೆಯಲ್ಲೇ ಶಿಫ್ಟ್ ಮತ್ತು ಎಫ್10 ಒಟ್ಟಿಗೆ ಒತ್ತಿದರೆ ಕಮಾಂಡ್ ಪ್ರಾಂಪ್ಟ್ ತೆರೆಯುತ್ತದೆ. ಅಲ್ಲಿ ಡಿಸ್ಕ್ ಮ್ಯಾನೇಜ್‌ಮೆಂಟ್ ಇಲ್ಲ. ಡಿಸ್ಕ್‌ಪಾರ್ಟ್‌ನಲ್ಲೇ ವಿಂಡೋಸ್ ಇರುವ ವಾಲ್ಯೂಮ್ ಆರಿಸಿ ‘ಶ್ರಿಂಕ್ ಡಿಸೈರ್ಡ್=300’ ಕೊಡಬೇಕು. ನಿಮ್ಮ ಸಿ ಅಲ್ಲಿ ಡಿ ಆಗಿಯೋ ಇ ಆಗಿಯೋ ಕಾಣಬಹುದು, ‘ಲಿಸ್ಟ್ ವಾಲ್ಯೂಮ್’ ಕೊಟ್ಟು ನೋಡಿಕೊಳ್ಳಿ. ಉಳಿದ ಕಮಾಂಡುಗಳು ಮೇಲಿನವೇ, ಬಿಸಿಡಿಬೂಟ್‌ನಲ್ಲಿ ಸಿ ಬದಲು ಆ ಅಕ್ಷರ ಹಾಕಿ.

ನಕ್ಷತ್ರ ಚಿಹ್ನೆ ಇರದಿದ್ದರೆ ನಿಮ್ಮ ಎಸ್‌ಎಸ್‌ಡಿ ಹಳೆಯ ಎಂಬಿಆರ್ ಪದ್ಧತಿಯದು. ಅಲ್ಲಿ ಕಂಪ್ಯೂಟರ್ ಓದುವುದು ಡಿಸ್ಕಿನ ಮೊಟ್ಟಮೊದಲ 512 ಬೈಟ್‌ಗಳನ್ನು: 446 ಬೈಟ್ ಬೂಟ್ ಕೋಡ್, 64 ಬೈಟ್ ಪಾರ್ಟಿಷನ್ ಪಟ್ಟಿ, ಕೊನೆಗೆ ಎರಡು ಬೈಟ್ ಸಹಿ. 1983ರ ಡಾಸ್ ಕಾಲದ ವ್ಯವಸ್ಥೆ ಇನ್ನೂ ಎಷ್ಟೋ ಮನೆಗಳಲ್ಲಿ ಓಡುತ್ತಿದೆ. ಅದಕ್ಕೆ ಇಎಫ್‌ಐ ಪಾರ್ಟಿಷನ್ ಬೇಡ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಸಿ ಡ್ರೈವನ್ನೇ ‘ಆ್ಯಕ್ಟಿವ್’ ಎಂದು ಗುರುತಿಸಿ, ಬಿಸಿಡಿಬೂಟ್ ಕಮಾಂಡಿನಲ್ಲಿ ಎಸ್ ಕೋಲನ್ ಬದಲು ಸಿ ಕೋಲನ್, ಯುಇಎಫ್‌ಐ ಬದಲು ಬಯೋಸ್ ಎಂದು ಹಾಕಬೇಕು.

ಇದೇ ಪ್ರಶ್ನೆಯನ್ನು ಬೇರೆ ಪರದೆ ನೋಡಿದವರೂ ಕೇಳುತ್ತಾರೆ. ವಿಂಡೋಸ್ ಲಾಂಛನ ಕಂಡು, ಆಮೇಲೆ ನೀಲಿ ಪರದೆಯಲ್ಲಿ ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಎಂದು ಬಂದರೆ ಬೂಟ್ ಫೈಲುಗಳು ಸರಿಯಾಗಿಯೇ ಇವೆ, ವಿಂಡೋಸ್‌ಗೆ ಡಿಸ್ಕನ್ನು ಓದುವ ಡ್ರೈವರ್ ಸಿಗುತ್ತಿಲ್ಲ. ಬಯೋಸ್‌ನಲ್ಲಿ ಸಾಟಾ ಮೋಡ್ (ಡಿಸ್ಕಿನೊಡನೆ ಮಾತಾಡುವ ರೀತಿ) ಎಎಚ್‌ಸಿಐ ಇದ್ದದ್ದು ರೇಡ್ ಆಗಿರುವುದು, ಅಥವಾ ರೇಡ್ ಇದ್ದದ್ದು ಎಎಚ್‌ಸಿಐ ಆಗಿರುವುದು ಇದಕ್ಕೆ ಹೆಚ್ಚಾಗಿ ಕಾರಣ. ಹಿಂದಿನಂತೆ ಮಾಡಿದರೆ ಸರಿಹೋಗುತ್ತದೆ. ‘ನಾನು ಬಯೋಸ್ ಮುಟ್ಟಿಯೇ ಇಲ್ಲ’ ಎನ್ನುವವರು ಮದರ್‌ಬೋರ್ಡಿನ ಮೇಲಿರುವ ನಾಣ್ಯದಂಥ ಸಿಆರ್2032 ಬ್ಯಾಟರಿಯನ್ನು ನೋಡಲಿ. ಅದು ಸತ್ತಿದ್ದರೆ, ಡಿಸ್ಕ್ ಬದಲಿಸಲು ಪ್ಲಗ್ ಕಿತ್ತ ಹೊತ್ತಿನಲ್ಲೇ ಬಯೋಸ್ ತನ್ನ ಮೂಲ ಸೆಟ್ಟಿಂಗ್‌ಗಳಿಗೆ ಮರಳಿರುತ್ತದೆ. ಗಡಿಯಾರ ಹಿಂದಿನ ಯಾವುದೋ ವರ್ಷ ತೋರಿಸುತ್ತಿದ್ದರೆ ಅನುಮಾನವೇ ಬೇಡ.

ಬಯೋಸ್‌ನಲ್ಲಿ ಎಸ್‌ಎಸ್‌ಡಿಯ ಹೆಸರೇ ಕಾಣದಿದ್ದರೆ ಅದು ಹೆಚ್ಚಾಗಿ ಕೇಬಲ್ಲಿನ ಸಮಸ್ಯೆ, ಇಲ್ಲವೇ ಸಾಟಾ ಬಗೆಯದನ್ನು ಮಾತ್ರ ಒಪ್ಪುವ ಎಂ.2 ಸಂದಿಗೆ (ಚಪ್ಪಟೆ ಎಸ್‌ಎಸ್‌ಡಿ ಕೂರಿಸುವ ಜಾಗಕ್ಕೆ) ಎನ್‌ವಿಎಂಇ ಎಂಬ ಬೇರೆ ಬಗೆಯ ಎಸ್‌ಎಸ್‌ಡಿ ಹಾಕಿದ್ದೀರಿ. ಇನ್ನು ನೀಲಿ ಪರದೆ 48 ಅಂಕಿಗಳ ಬಿಟ್‌ಲಾಕರ್ (ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ) ಕೀ ಕೇಳಿದರೆ, ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಮೊಬೈಲಿನಿಂದ ಲಾಗಿನ್ ಆಗಿ ನೋಡಿ, ಬಹುಪಾಲು ಅಲ್ಲೇ ಉಳಿದಿರುತ್ತದೆ.

ಎಸ್‌ಎಸ್‌ಡಿ ಒಂದೇ ಇದ್ದು ಕಂಪ್ಯೂಟರ್ ನಾಲ್ಕಾರು ಸಲ ಸರಿಯಾಗಿ ಎದ್ದ ಮೇಲೆ ಹಳೆಯ ಡಿಸ್ಕನ್ನು ಏನು ಬೇಕಾದರೂ ಮಾಡಿ. ಅದರಲ್ಲಿ ಉಳಿದ ಇಎಫ್‌ಐ ಪಾರ್ಟಿಷನ್ ಅಳಿಸಲು ಹೋದರೆ ಡಿಸ್ಕ್ ಮ್ಯಾನೇಜ್‌ಮೆಂಟ್ ಡಿಲೀಟ್ ಆಯ್ಕೆಯನ್ನೇ ಕೊಡುವುದಿಲ್ಲ. ಡಿಸ್ಕ್‌ಪಾರ್ಟ್‌ನಲ್ಲಿ ಆ ಡಿಸ್ಕನ್ನೂ ಆ ಪಾರ್ಟಿಷನ್ನನ್ನೂ ಆರಿಸಿ ‘ಡಿಲೀಟ್ ಪಾರ್ಟಿಷನ್ ಓವರ್‌ರೈಡ್’ ಎನ್ನಬೇಕು. ಒತ್ತುವ ಮೊದಲು ಸೈಜ್ ಇನ್ನೊಮ್ಮೆ ನೋಡಿ.