ಸ್ಟೇಟಸ್ ನೋಡಿದರೆ ಸ್ನೇಹ ಉಳಿಯುತ್ತಾ?

ಪ್ರಶ್ನೆ: ಫೇಸ್‌ಬುಕ್‌ನಲ್ಲಿ ನನಗೆ ಎರಡು ಸಾವಿರ ಫ್ರೆಂಡ್ಸ್ ಇದ್ದಾರೆ. ಹಳೇ ಗೆಳೆಯರ ವಾಟ್ಸಾಪ್ ಸ್ಟೇಟಸ್ ದಿನಾ ನೋಡ್ತೀನಿ. ಆದರೂ ಮನಸ್ಸು ಬಿಚ್ಚಿ ಮಾತಾಡೋಕೆ ಯಾರೂ ಇಲ್ಲ ಅನ್ಸುತ್ತೆ. ಯಾಕೆ?

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕ ಇಟ್ಟಿಲ್ಲ. ಇನ್ನೊಮ್ಮೆ ಬರೆಯುತ್ತೇನೆ, ಯಾಕಂದ್ರೆ ಇದು ಮುಖ್ಯ.

ಎರಡು ಸಾವಿರದ ಮಾತು ಬೇಗ ಮುಗಿಸೋಣ. ಫೇಸ್‌ಬುಕ್ 5,000 ಜನರ ತನಕ ಸೇರಿಸಿಕೊಳ್ಳಲು ಬಿಡುತ್ತದೆ. ಬ್ರಿಟನ್ನಿನ ವಿಜ್ಞಾನಿ ರಾಬಿನ್ ಡನ್‌ಬಾರ್ ಪ್ರಕಾರ ಒಬ್ಬರು ನಿಭಾಯಿಸಬಲ್ಲ ಸಂಬಂಧಗಳು ಸುಮಾರು 150, ಅದರಲ್ಲಿ ತೀರಾ ಹತ್ತಿರದವರು ಐದು ಜನ, ಮನೆಯವರೂ ಸೇರಿ. 2016ರಲ್ಲಿ ಅವರು ಪ್ರಕಟಿಸಿದ ಅಧ್ಯಯನದಲ್ಲಿ ಫೇಸ್‌ಬುಕ್ ಬಳಸುವವರು ಕಷ್ಟಕ್ಕೆ ಆಗುವವರು ಅಂತ ಎಣಿಸಿದ್ದು ಸರಾಸರಿ ನಾಲ್ಕು ಜನರನ್ನು. ಹಾಗಾಗಿ ಎರಡು ಸಾವಿರದಲ್ಲಿ ನಾಲ್ಕೇ ಜನ ಸಿಕ್ಕರೆ ನಿಮ್ಮಲ್ಲಿ ಕೊರತೆ ಇದೆ ಅಂತಲ್ಲ.

ನಿಜವಾದ ತೊಂದರೆ ನಿಮ್ಮ ಎರಡನೇ ವಾಕ್ಯದಲ್ಲಿದೆ. ಸ್ಟೇಟಸ್ ನೋಡಿದರೆ ಸಂಪರ್ಕದಲ್ಲಿದ್ದ ಹಾಗೆ ಅನ್ನೋ ನಂಬಿಕೆ. ಎಷ್ಟು ಹೇಳಿದರೂ ಹೋಗುವುದಿಲ್ಲ ಇದು! ನೋಡುವುದು ಬೇರೆ, ವಿಚಾರಿಸುವುದು ಬೇರೆ. ನನ್ನ ಹಾಸ್ಟೆಲ್ ಗೆಳೆಯನೊಬ್ಬ ಹೋದ ವರ್ಷ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವ ಫೋಟೋ ಹಾಕಿದ್ದ. ಬರಿಗಾಲು, ಒದ್ದೆಯಾದ ಅಂಗಿ, ಪ್ರತಿ ಮೆಟ್ಟಿಲಿಗೂ ಅರಿಶಿನ ಕುಂಕುಮ. ನಾನು ಹೃದಯದ ಚಿಹ್ನೆ ಒತ್ತಿ ಮುಂದೆ ಹೋದೆ, ಆರಾಮಾಗಿದ್ದಾನೆ ಅಂದುಕೊಂಡೆ. ಆಮೇಲೆ ಗೊತ್ತಾಯಿತು, ಹೆಂಡತಿ ಆಸ್ಪತ್ರೆಯಲ್ಲಿದ್ದರು, ಅದು ಹರಕೆ. ದಿನಾ ಅವನ ಸ್ಟೇಟಸ್ ನೋಡ್ತಾ ಇದ್ದವನು ನಾನು. ಒಂದು ಸಲ ಫೋನ್ ಮಾಡಿ "ಹೇಗಿದೀಯೋ" ಅಂದಿದ್ದರೆ ಸಾಕಿತ್ತು. ಈಗಲೂ ನೆನೆಸಿಕೊಂಡರೆ ಸಂಕಟ ಆಗುತ್ತದೆ.

"ನಿಜವಾದ ಸ್ನೇಹಕ್ಕೆ ಮಾತುಕತೆ ಬೇಡ, ಹತ್ತು ವರ್ಷ ಬಿಟ್ಟು ಸಿಕ್ಕರೂ ಹಾಗೇ ಇರುತ್ತೆ" ಅಂತ ಕೆಲವರು ವಾದಿಸುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ ಬ್ರಿಟನ್ನಿನಲ್ಲಿ ಶಾಲೆ ಮುಗಿಸಿದ 30 ವಿದ್ಯಾರ್ಥಿಗಳನ್ನು 18 ತಿಂಗಳು ಗಮನಿಸಿದ ಅಧ್ಯಯನ ಒಂದಿದೆ. ಅಷ್ಟರಲ್ಲೇ ಎಷ್ಟೋ ಹಳೇ ಸ್ನೇಹಗಳು ತೆಳುವಾದವು. ಹುಡುಗಿಯರಲ್ಲಿ ಮಾತು ಬಿಡದವರ ಸ್ನೇಹ ಹೆಚ್ಚು ಉಳಿಯಿತು. ಹುಡುಗರಿಗೆ ಬರೀ ಮಾತು ಸಾಲಲಿಲ್ಲ, ಆಟವೋ ತಿರುಗಾಟವೋ, ಒಟ್ಟಿಗೆ ಏನಾದರೂ ಮಾಡಬೇಕಿತ್ತು. ರಕ್ತಸಂಬಂಧ ಮಾತಿಲ್ಲದೆಯೂ ಸ್ವಲ್ಪ ತಾಳುತ್ತದೆ, ಸ್ನೇಹ ಅಷ್ಟು ತಾಳುವುದಿಲ್ಲ.

ಇನ್ನೊಂದು ಪ್ರಶ್ನೆ ನೀವು ಕೇಳಿಲ್ಲ, ಆದರೆ ಮನಸ್ಸಿನಲ್ಲಿರುತ್ತದೆ. ಇಷ್ಟು ವರ್ಷ ಬಿಟ್ಟು ಫೋನ್ ಮಾಡಿದರೆ ಸಾಲ ಕೇಳೋಕೆ ಅಂದುಕೊಳ್ತಾರಾ? ಅಥವಾ ಮಗಳ ಮದುವೆ ಕರೆಯೋಕೆ? ಈ ಅಳುಕು ನನಗೂ ಇತ್ತು. 2022ರಲ್ಲಿ ಅಮೆರಿಕದಲ್ಲಿ ಇದನ್ನೇ ಪರೀಕ್ಷಿಸಿ ನೋಡಿದ್ದಾರೆ. ಸುಮ್ನೆ ವಿಚಾರಿಸಿದರೆ ಆ ಕಡೆಯವರಿಗೆ ಎಷ್ಟು ಖುಷಿಯಾಗುತ್ತದೆ ಅನ್ನೋದನ್ನು ನಾವು ಕಡಿಮೆ ಅಂದಾಜು ಮಾಡುತ್ತೇವಂತೆ. ನಾನು ಮಾಡುವುದು ಇಷ್ಟು: ಸಂಜೆ ಊಟಕ್ಕೆ ಮುಂಚೆ ಫೋನ್ ಮಾಡಿ, ಮೊದಲ ಉಸಿರಿಗೇ "ಏನೂ ಕೆಲಸ ಇಲ್ಲ ಕಣೋ, ನಿನ್ನ ನೆನಪಾಯ್ತು" ಅನ್ನುತ್ತೇನೆ. ಆ ಕಡೆ ಒಂದು ಕ್ಷಣ ಮೌನ. ಆಮೇಲೆ ಮುಕ್ಕಾಲು ಗಂಟೆ ಮಾತು.